ತಂತಿಗೆ ಒಳಗೂ ಹೊರಗೂ ಒಂದೇ

ಮಕ್ಕಳೇ, ಮನೆಯಲ್ಲಿರುವ ಎಕ್ಸ್‌ಟೆನ್ಶನ್ ಬಾಕ್ಸನ್ನು ಗೋಡೆಯಿಂದ ಬಿಡಿಸಿ ಪಕ್ಕಕ್ಕಿಟ್ಟಿರುವಾಗ ಒಮ್ಮೆ ಸರಿಯಾಗಿ ನೋಡಿ. ವೈರಿನ ಒಂದು ತುದಿಯಲ್ಲಿ ಹಿತ್ತಾಳೆಯ ಪಿನ್ನುಗಳಿವೆ. ಇನ್ನೊಂದು ತುದಿಯ ಪೆಟ್ಟಿಗೆಯಲ್ಲಿ ಬರೀ ತೂತುಗಳು. ಎರಡೂ ಕಡೆ ಪಿನ್ನು ಇಟ್ಟಿದ್ದರೆ ಏನಾಗುತ್ತಿತ್ತು?

ಕರೆಂಟು ಯಾವ ಕಡೆಯಿಂದ ಬರುತ್ತದೋ ಆ ಕಡೆ ತೂತು, ಕರೆಂಟು ಯಾವುದಕ್ಕೆ ಬೇಕೋ ಅದರ ಕಡೆ ಪಿನ್ನು. ಇದು ಪ್ಲಗ್ಗಿನ ನಿಯಮ. ಜೀವ ತೆಗೆಯಬಲ್ಲ ಲೋಹ ತೂತಿನ ಆಳದಲ್ಲಿ, ಬೆರಳಿಗೆ ಸಿಗದಂತೆ ಅಡಗಿರುತ್ತದೆ. ಪಿನ್ನಿಗೆ ಕರೆಂಟು ಹರಿಯುವುದು ಅದು ತೂತಿನೊಳಗಿನ ಲೋಹವನ್ನು ಮುಟ್ಟಿದ ಮೇಲೆಯೇ. ಹೊರಗೆ ಕಾಣುವ ಪಿನ್ನನ್ನು ಮುಟ್ಟಿದರೂ ಏನೂ ಆಗಬಾರದು ಎಂದು ಯೋಚಿಸಿಯೇ ಹೀಗೆ ಮಾಡಿದ್ದಾರೆ.

ಈ ನಿಯಮ ಮುರಿಯುವುದು ಹೆಚ್ಚಾಗಿ ಮಳೆಗಾಲದಲ್ಲಿ. ತೀರ್ಥಹಳ್ಳಿ, ಆಗುಂಬೆ, ಸಾಗರದ ಕಡೆ ಆಷಾಢದ ಗಾಳಿಗೆ ಮರ ಉರುಳಿ ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ. ಮನೆಗೊಂದು ಸಣ್ಣ ಜನರೇಟರ್ ತರುತ್ತಾರೆ. ಅದರ ಕರೆಂಟನ್ನು ಎಲ್ಲ ಕೋಣೆಗೂ ಕೊಡುವುದು ಹೇಗೆ? ಯಾರೋ ಒಬ್ಬರು ಸುಲಭದ ದಾರಿ ಹೇಳಿಕೊಡುತ್ತಾರೆ: ಒಂದು ವೈರಿನ ಎರಡೂ ತುದಿಗೆ ಪ್ಲಗ್ ಕಟ್ಟಿ, ಒಂದನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರಾಯಿತು. ನಿಜ, ಮನೆಯಿಡೀ ದೀಪ ಹತ್ತುತ್ತದೆ. ಆದರೆ ಮನೆಯವರ ಮತ್ತು ಊರವರ ಜೀವಕ್ಕೆ ಇದು ದೊಡ್ಡ ಅಪಾಯ. ಮೊದಲನೆಯದಾಗಿ, ಗೋಡೆಯಿಂದ ಆ ಪ್ಲಗ್ ಕಳಚಿಬಿದ್ದರೆ ಅದರ ಬರಿಯ ಪಿನ್ನುಗಳಲ್ಲೇ 230 ವೋಲ್ಟ್ ಇರುತ್ತದೆ. ಎರಡನೆಯ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅದು ಮನೆಯಿಂದ ಹೊರಟು ಕಂಬ ಹತ್ತುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಕೆಲ್ ಫ್ಯಾರಡೆ ಒಬ್ಬ ಕಮ್ಮಾರನ ಮಗ. ಚಿಕ್ಕಂದಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತು, ಆ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು. 1831ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನು ಒಂದು ಕಬ್ಬಿಣದ ಬಳೆಗೆ ಎರಡು ಕಡೆ ಬೇರೆಬೇರೆಯಾಗಿ ತಂತಿ ಸುತ್ತಿದ. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ, ಮುಟ್ಟದೆ ದೂರವಿದ್ದ ಇನ್ನೊಂದು ಸುರುಳಿಯಲ್ಲೂ ಕರೆಂಟು ಮಿಂಚಿ ಮಾಯವಾಯಿತು. ಬ್ಯಾಟರಿ ತೆಗೆದಾಗ ಮತ್ತೆ ಮಿಂಚಿತು. ಅದೇ ವರ್ಷ ಅಕ್ಟೋಬರಿನಲ್ಲಿ ತಂತಿ ಸುರುಳಿಯೊಳಗೆ ಅಯಸ್ಕಾಂತವನ್ನು ಸರಕ್ಕನೆ ತೂರಿಸಿದ. ಆಗಲೂ ಕರೆಂಟು ಹುಟ್ಟಿತು. ಅಯಸ್ಕಾಂತದ ಪ್ರಭಾವ ಬದಲಾಗುತ್ತಿದ್ದರೆ ಹತ್ತಿರದ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. ಬಳೆಯ ಪ್ರಯೋಗ ಇಂದಿನ ಟ್ರಾನ್ಸ್‌ಫಾರ್ಮರ್ ಆಯಿತು, ಅಯಸ್ಕಾಂತದ ಪ್ರಯೋಗ ಜನರೇಟರ್ ಆಯಿತು. ಒಂದೇ ವರ್ಷ ಹುಟ್ಟಿದ ಈ ಎರಡು ಯಂತ್ರಗಳು ನಮ್ಮ ಕಥೆಯಲ್ಲಿ ಮತ್ತೆ ಭೇಟಿಯಾಗುತ್ತವೆ.

ಮನೆಗೆ ತರುವ ಸಣ್ಣ ಜನರೇಟರಿನೊಳಗೆ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಸುಮಾರು 3000 ಸುತ್ತು ಸುತ್ತುತ್ತದೆ. ಅಂದರೆ ಸೆಕೆಂಡಿಗೆ 50. ಒಂದು ಸುತ್ತಿಗೆ ಕರೆಂಟು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತೂಗುತ್ತದೆ. ನಮ್ಮ ದೇಶದ ಲೈನಿನ ಕರೆಂಟೂ ಸೆಕೆಂಡಿಗೆ 50 ಸಲವೇ ತೂಗುತ್ತದೆ. ಅದಕ್ಕೇ ಫ್ಯಾನು, ಮಿಕ್ಸಿಗಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನು ಊರಿನ ಟಿಸಿ. ಟ್ರಾನ್ಸ್‌ಫಾರ್ಮರನ್ನು ಹಳ್ಳಿಗಳಲ್ಲಿ ಹಾಗೇ ಕರೆಯುತ್ತಾರೆ. ದೊಡ್ಡ ಲೈನಿನಲ್ಲಿ ಬರುವ 11,000 ವೋಲ್ಟನ್ನು ಇಳಿಸಿ ಅದು ಮನೆಗಳಿಗೆ ಹಂಚುತ್ತದೆ. ಒಳಗೆ ಇರುವುದು ಫ್ಯಾರಡೆಯ ಬಳೆಯ ತಮ್ಮನೇ: ಕಬ್ಬಿಣದ ಮೇಲೆ ಎರಡು ಬಗೆಯ ಸುರುಳಿಗಳು. ದೊಡ್ಡ ಲೈನಿನ ಕಡೆ ಸುತ್ತು ಹೆಚ್ಚು, ಮನೆಯ ಕಡೆ ಕಡಿಮೆ. ಸುಮಾರು 44ಕ್ಕೆ 1. 11,000ವನ್ನು 44ರಿಂದ ಭಾಗಿಸಿ ನೋಡಿ, 250 ಬರುತ್ತದೆ. ತಂತಿಯಲ್ಲಿ ಬರುತ್ತಾ ಸ್ವಲ್ಪ ಸವೆದು ಮನೆಗೆ 230ರ ಆಸುಪಾಸು ಮುಟ್ಟುತ್ತದೆ.

ಈಗ ಆ ಎರಡು ಪ್ಲಗ್ಗಿನ ವೈರಿನ ಮನೆಗೆ ಬನ್ನಿ. ಸಾಕೆಟ್ಟಿನ ಮೂಲಕ ಒಳಬಂದ ಕರೆಂಟು ಕೋಣೆಗಳಿಗೆ ಹೋಗುತ್ತದೆ. ಮೈನ್ ಸ್ವಿಚ್ಚು ಆನ್ ಇದ್ದರೆ ಮೀಟರ್ ದಾಟಿ ಬೀದಿಯ ಕಂಬಕ್ಕೂ ಹೋಗುತ್ತದೆ. ಇದು ಮನೆಯ ಒಳಗು, ಇದು ಹೊರಗು ಎಂದು ತಂತಿಗೆ ಗೊತ್ತಿಲ್ಲ. ಟಿಸಿಗೂ ಗೊತ್ತಿಲ್ಲ. ಈ ಕಡೆಯಿಂದ 230 ಕೊಟ್ಟರೆ ಆ ಕಡೆ 44 ಪಟ್ಟು ಮಾಡಿ ಏರಿಸುತ್ತದೆ. ಲೆಕ್ಕ ಹಾಕಿ: 10,120 ವೋಲ್ಟ್!

ಅದೇ ಹೊತ್ತಿನಲ್ಲಿ ಆ ಲೈನಿನ ಕಂಬದ ಮೇಲೆ ಯಾರಿರುತ್ತಾರೆ? ಮರ ಕಡಿದು ತಂತಿ ಕಟ್ಟುತ್ತಿರುವ ಲೈನ್‌ಮನ್. ಹತ್ತುವ ಮೊದಲು ಅವರು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ‘ಎಲ್‌ಸಿ’ ತೆಗೆದುಕೊಂಡಿರುತ್ತಾರೆ. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ‘ನಾನು ಹೇಳುವ ತನಕ ಈ ಲೈನಿಗೆ ಕರೆಂಟು ಬಿಡಬೇಡಿ’ ಎಂಬ ಒಪ್ಪಂದ ಅದು. ಸಬ್‌ಸ್ಟೇಷನ್ನಿನವರು ಮಾತು ಉಳಿಸಿಕೊಂಡಿದ್ದಾರೆ. ಕರೆಂಟು ಬರುತ್ತಿರುವುದು ಅವರ ಕಡೆಯಿಂದ ಅಲ್ಲ, ನಮ್ಮ ಮನೆಯ ಕಡೆಯಿಂದ.

ನಿಮ್ಮಲ್ಲಿ ಜಾಣರೊಬ್ಬರು ಕೇಳಬಹುದು: ಅಷ್ಟು ಪುಟ್ಟ ಜನರೇಟರ್ ಬೀದಿಯಿಡೀ ಹೇಗೆ ಎಳೆದೀತು? ಒಳ್ಳೆಯ ಪ್ರಶ್ನೆ. ಅಕ್ಕಪಕ್ಕದ ಮನೆಗಳ ಭಾರವೆಲ್ಲ ಮೇಲೆ ಬಿದ್ದರೆ ಅದು ಉಸಿರುಗಟ್ಟಿ ನಿಂತೇಹೋಗಬಹುದು. ಆದರೆ ತಂತಿ ನಡುವೆ ತುಂಡಾಗಿ ಒಂದೆರಡು ಮನೆಗಳಷ್ಟೇ ಆ ತುಂಡಿನಲ್ಲಿ ಉಳಿದಿದ್ದರೆ ಅದು ನಿಲ್ಲುವುದಿಲ್ಲ. 2 ಕೆವಿಎ ಜನರೇಟರ್ ಸುಮಾರು 8.7 ಆಂಪಿಯರ್ ಕೊಡುತ್ತದೆ. ವೋಲ್ಟು 44 ಪಟ್ಟು ಏರಿದಾಗ ಆಂಪಿಯರ್ 44 ಪಟ್ಟು ಇಳಿಯುತ್ತದೆ, ಉಳಿಯುವುದು ಸುಮಾರು 0.2. ಇದು ಸಣ್ಣ ಸಂಖ್ಯೆ ಅನ್ನಿಸಿತೇ? ಮನುಷ್ಯರನ್ನು ಉಳಿಸಲು ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 0.03 ಆಂಪಿಯರ್ ಸೋರಿದರೇ ಕರೆಂಟು ಕಡಿದುಬಿಡುತ್ತದೆ. ಅದರ ಆರು ಪಟ್ಟಿಗಿಂತ ಹೆಚ್ಚು ಇಲ್ಲಿದೆ. ಲೈನ್‌ಮನ್‌ಗಳು ಕೆಲಸಕ್ಕೆ ಮೊದಲು ತಂತಿಯನ್ನು ಅರ್ಥಿಂಗ್ ರಾಡಿನಿಂದ ನೆಲಕ್ಕೆ ಜೋಡಿಸಿಕೊಳ್ಳಬೇಕೆಂಬ ನಿಯಮ ಇರುವುದು ಇಂಥ ಅಪಾಯಗಳಿಗಾಗಿಯೇ. ಅವರು ಎಚ್ಚರದಿಂದಿರುತ್ತಾರೆ ಎಂದು ನಾವು ಮೈಮರೆಯುವುದು ನ್ಯಾಯವಲ್ಲ.

‘ಮೈನ್ ಆಫ್ ಮಾಡಿಬಿಟ್ಟರೆ ಸಾಕಲ್ಲವೇ?’ ಎಂಬುದು ಇನ್ನೊಂದು ಪ್ರಶ್ನೆ. ನೆನಪಿದ್ದ ದಿನ ಕಂಬದ ಮೇಲಿನವರ ಮಟ್ಟಿಗೆ ಸಾಕು, ಬರಿಯ ಪಿನ್ನಿನ ಅಪಾಯ ಆಗಲೂ ಉಳಿದೇ ಇರುತ್ತದೆ. ಆದರೆ ಕತ್ತಲು, ಮಳೆ, ಅಳುವ ಮಗು, ಟಾರ್ಚು ಸಿಗದ ಗಡಿಬಿಡಿ. ಅಂಥ ಹೊತ್ತಿನಲ್ಲಿ ಮರೆವು ಸಹಜ. ಅಪ್ಪ ಆಫ್ ಮಾಡಿದ್ದು ತಿಳಿಯದೆ ಅಜ್ಜಿ ಮೈನ್ ಆನ್ ಮಾಡಬಹುದು. ಒಂದು ಜೀವವನ್ನು ಯಾರದೋ ನೆನಪಿನ ಶಕ್ತಿಗೆ ಒಪ್ಪಿಸಬಾರದು. ಅದಕ್ಕಾಗಿಯೇ ಇರುವುದು ಚೇಂಜ್ ಓವರ್ ಸ್ವಿಚ್.

ಮನೆಯಲ್ಲಿರುವ ಸಾಧನಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಒಂದೇ ಹಿಡಿ. ಹಿಡಿಗೆ ಮೂರು ನಿಲುಗಡೆ: ಒಂದು ಕಡೆ ಲೈನ್, ಇನ್ನೊಂದು ಕಡೆ ಜನರೇಟರ್, ನಡುವೆ ಆಫ್. ಮನೆಗೆ ಹೋಗುವ ತಂತಿಗಳು ಒಳಗಿನ ಚಲಿಸುವ ತಾಮ್ರದ ಪಟ್ಟಿಗೆ ಸೇರಿರುತ್ತವೆ. ಆ ಪಟ್ಟಿ ಲೈನಿನ ಕಡೆ ಮುಟ್ಟಿದ್ದರೆ ಜನರೇಟರಿನ ಕಡೆ ಮುಟ್ಟಲು ಸಾಧ್ಯವೇ ಇಲ್ಲ. ಇಲ್ಲಿಂದ ಅಲ್ಲಿಗೆ ಹೋಗುವಾಗ ಮೊದಲು ಪೂರ್ತಿ ಬಿಡಿಸಿಕೊಂಡು, ಆಮೇಲೆ ಇನ್ನೊಂದನ್ನು ಹಿಡಿಯುತ್ತದೆ. ಎಷ್ಟೇ ಮರೆತರೂ, ಎಷ್ಟೇ ಅವಸರ ಮಾಡಿದರೂ ಲೈನೂ ಜನರೇಟರೂ ಒಂದನ್ನೊಂದು ಕಾಣುವುದಿಲ್ಲ. ತಪ್ಪು ಮಾಡಬೇಡ ಎಂದು ಬೋರ್ಡು ಹಾಕುವುದಕ್ಕಿಂತ ತಪ್ಪೇ ಆಗದಂತೆ ಯಂತ್ರದ ಆಕಾರವನ್ನು ರೂಪಿಸುವುದು ದೊಡ್ಡ ಕೆಲಸ.

ಮೀಟರಿನಿಂದ ಬಂದ ತಂತಿ, ಜನರೇಟರಿನಿಂದ ಬಂದ ತಂತಿ ಎರಡೂ ಈ ಪೆಟ್ಟಿಗೆಗೆ ಬರುತ್ತವೆ. ಇಲ್ಲಿಂದ ಒಂದೇ ದಾರಿ ಮನೆಯ ಎಂಸಿಬಿ ಬೋರ್ಡಿಗೆ. ಸ್ವಿಚ್ಚು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸಬೇಕು, ಏಕೆಂದರೆ ನ್ಯೂಟ್ರಲ್ ತಂತಿಯೂ ಕಂಬಕ್ಕೇ ಹೋಗುತ್ತದೆ. ಜನರೇಟರಿನ ಮೈಗೆ ಅರ್ಥಿಂಗ್ ಇರಬೇಕು. ಇದೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ನೀವು ದೂರ ನಿಂತು ನೋಡಬಹುದು, ಪ್ರಶ್ನೆ ಕೇಳಬಹುದು, ಮುಟ್ಟುವಂತಿಲ್ಲ. ಎರಡು ಪ್ಲಗ್ಗಿನ ವೈರು ಎಲ್ಲಿ ಕಂಡರೂ ಮನೆಯ ದೊಡ್ಡವರಿಗೆ ಹೇಳಿ.

ಈ ಸ್ವಿಚ್ಚು ಇಲ್ಲದಿದ್ದರೆ ಇನ್ನೊಂದು ಆಘಾತವೂ ಕಾದಿರುತ್ತದೆ. ಜನರೇಟರ್ ಓಡುತ್ತಿರುವಾಗಲೇ ಲೈನಿನ ಕರೆಂಟು ಮರಳಿ ಬಂದರೆ? ಆ ಕರೆಂಟಿನ ಹಿಂದೆ ಇಡೀ ದೇಶವೇ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ಮಾರ್ಗ ಜೋಡಣೆಯಾದಾಗ ದಕ್ಷಿಣ ಭಾರತದ ವಿದ್ಯುತ್ ಜಾಲ ಉಳಿದ ದೇಶದ ಜಾಲದೊಂದಿಗೆ ಒಂದಾಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಕರೆಂಟು ಒಂದೇ ಲಯದಲ್ಲಿ ತೂಗುತ್ತಿದೆ. ನಮ್ಮ ಅಂಗಳದ ಪುಟ್ಟ ಜನರೇಟರಿನ ಲಯ ಬೇರೆ. ಎರಡೂ ಒಮ್ಮೆಲೇ ಒಂದೇ ತಂತಿಯಲ್ಲಿ ಎದುರಾದರೆ ದೇಶದ ಜಾಲ ಜಗ್ಗುವುದಿಲ್ಲ. ಜನರೇಟರ್ ಸುಡುತ್ತದೆ, ಬೆಂಕಿಯೂ ಹತ್ತಬಹುದು.

ಜನರೇಟರ್ ಎಷ್ಟು ಹೊರಬಲ್ಲದು ಎಂಬುದೂ ಮುಖ್ಯ. 9 ವ್ಯಾಟಿನ ಎಲ್‌ಇಡಿ ಬಲ್ಬುಗಳು, 75 ವ್ಯಾಟಿನ ಫ್ಯಾನುಗಳು ಕೆಲವು ಇದ್ದರೂ ಹಗುರವೇ. 2000 ವ್ಯಾಟಿನ ಗೀಸರ್ ಒಂದೇ ಆ 2 ಕೆವಿಎಯನ್ನು ಪೂರ್ತಿ ನುಂಗುತ್ತದೆ. ಫ್ರಿಜ್ಜು, ಪಂಪಿನ ಮೋಟಾರುಗಳು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತವೆ. ಹಾಗಾಗಿ ಬಲ್ಲವರು ಎಲ್ಲ ಸ್ವಿಚ್ಚು ಆರಿಸಿ, ಜನರೇಟರ್ ಚಾಲು ಮಾಡಿ, ಅದರ ಸದ್ದು ಒಂದೇ ಸಮ ಆದ ಮೇಲೆ ಹಿಡಿ ತಿರುಗಿಸಿ, ಒಂದೊಂದಾಗಿ ದೀಪ ಹಾಕುತ್ತಾರೆ.

ತಂತಿಯದ್ದಲ್ಲದ ಒಂದು ಅಪಾಯವನ್ನೂ ಹೇಳಲೇಬೇಕು. ಮಳೆಗೆ ನೆನೆಯದಿರಲಿ, ಕಳ್ಳರು ಒಯ್ಯದಿರಲಿ ಎಂದು ಜನರೇಟರನ್ನು ಜಗಲಿಯಲ್ಲೋ ಕೋಣೆಯಲ್ಲೋ ಇಟ್ಟು ಓಡಿಸುವವರಿದ್ದಾರೆ. ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹತ್ತಿಸಿಕೊಂಡು ಮೈಯೆಲ್ಲ ಸುತ್ತುವ ಬಸ್ಸು ಎಂದುಕೊಳ್ಳಿ. ಆಮ್ಲಜನಕ ತನ್ನ ನಿಲ್ದಾಣ ಬಂದಾಗ ಇಳಿಯುತ್ತದೆ. ಈ ಅನಿಲ ಮಾತ್ರ ಸೀಟು ಹಿಡಿದರೆ ಬೇಗ ಏಳುವುದಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ಅಂಟಿಕೊಳ್ಳುತ್ತದೆ. ತಲೆನೋವು, ಸುತ್ತು, ವಾಕರಿಕೆ ಬರುತ್ತದೆ. ಮಲಗಿದ್ದವರಿಗೆ ಅಷ್ಟೂ ತಿಳಿಯದೆ ಪ್ರಾಣ ಹೋಗುತ್ತದೆ. ಆದ್ದರಿಂದ ಜನರೇಟರ್ ಯಾವಾಗಲೂ ಬಯಲಲ್ಲಿ, ಕಿಟಕಿ ಬಾಗಿಲುಗಳಿಂದ 20 ಅಡಿಯಾದರೂ ದೂರ ಇರಬೇಕು. ಪೆಟ್ರೋಲ್ ತುಂಬುವುದು ಅದು ನಿಂತು ತಣ್ಣಗಾದ ಮೇಲೆ.

ಮತ್ತೆ ತಂತಿಗೆ ಬರೋಣ. ಮನೆಯಿಂದ ಕಂಬಕ್ಕೆ ಕರೆಂಟು ಹೋಗುವ ಚಿಂತೆ ಸೂರ್ಯನ ಕರೆಂಟಿಗೂ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಮಾಳಿಗೆಯ ಮೇಲೆ ಸೋಲಾರ್ ಫಲಕವಿದ್ದೂ, ಸುಡುಬಿಸಿಲಿದ್ದೂ, ಲೈನಿನ ಕರೆಂಟು ಹೋದರೆ ಕೆಲವು ಮನೆಗಳಲ್ಲಿ ಸೋಲಾರೂ ನಿಲ್ಲುತ್ತದೆ. ಕೆಟ್ಟಿದೆ ಎಂದು ಜನ ಗೊಣಗುತ್ತಾರೆ. ಕೆಟ್ಟಿಲ್ಲ. ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಲೈನಿನ ಲಯವನ್ನು ಸದಾ ಕೇಳಿಸಿಕೊಳ್ಳುತ್ತಿರುತ್ತದೆ. ಲಯ ತಪ್ಪಿದರೆ ಎರಡು ಸೆಕೆಂಡಿನೊಳಗೆ ತಾನೇ ಬಿಡಿಸಿಕೊಳ್ಳಬೇಕೆಂದು ಅದಕ್ಕೆ ಕಟ್ಟುಪಾಡಿದೆ. ಕಂಬದ ಮೇಲಿರುವವರಿಗಾಗಿ.

ಪ್ರತಿ ವರ್ಷ ಮಾರ್ಚ್ 4ರಂದು ದೇಶದಲ್ಲಿ ಲೈನ್‌ಮನ್ ದಿವಸ ಆಚರಿಸುತ್ತಾರೆ. ಆ ದಿನ ನಿಮ್ಮೂರಿನ ಲೈನ್‌ಮನ್ ಅಣ್ಣನನ್ನು ಶಾಲೆಗೆ ಕರೆಸಲು ಮೇಷ್ಟರನ್ನು ಕೇಳಿ. ಅವರು ಬಂದರೆ ಮೊದಲು ಕೈಗವಸು, ಅರ್ಥಿಂಗ್ ರಾಡು ತೋರಿಸಿ ಎನ್ನಿ. ಎಲ್‌ಸಿ ಯಾರಿಂದ ತೆಗೆದುಕೊಳ್ಳುತ್ತೀರಿ, ಕೆಲಸ ಮುಗಿದ ಮೇಲೆ ಹೇಗೆ ವಾಪಸು ಕೊಡುತ್ತೀರಿ, ಕರೆಂಟಿಲ್ಲ ಎಂದುಕೊಂಡ ತಂತಿಯಲ್ಲಿ ಎಂದಾದರೂ ಕರೆಂಟು ಸಿಕ್ಕಿದೆಯೇ ಎಂದು ಕೇಳಿ. ಅವರು ಹೇಳುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.