ಮರದ ಮೇಲಿನ ಆಕ್ಟೋಪಸ್ ಮತ್ತು ಅಜ್ಜಿಯ ಬ್ಯಾಂಕ್ ನಂಬರ್

ಮುಂಬೈ, ಪುಣೆ, ಹೈದರಾಬಾದ್, ಎಲ್ಲಿಂದ ನೋಡ್ತಿದ್ರೂ ಸರಿ, ಇವತ್ತಿನ ಮಾತು ಎಂಟು-ಹತ್ತು ವರ್ಷದ ಮಕ್ಕಳಿರೋ ಮನೆಯವರಿಗೆ. ಒಂದು ವೆಬ್‌ಸೈಟನ್ನ ನಂಬಬಹುದಾ ಇಲ್ವಾ ಅಂತ ಮಕ್ಕಳಿಗೆ ಹೇಗೆ ಕಲಿಸೋದು?

ಅಮೆರಿಕದಲ್ಲಿ 1998ರಲ್ಲಿ ಒಂದು ವೆಬ್‌ಸೈಟ್ ಶುರುವಾಯ್ತು. ವಾಷಿಂಗ್ಟನ್ ರಾಜ್ಯದ ಕಾಡಲ್ಲಿ ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ. ಫೋಟೋ ಇದೆ, ವೈಜ್ಞಾನಿಕ ಹೆಸರಿದೆ, ಅಳಿದುಹೋಗ್ತಿದೆ ಉಳಿಸಿ ಅನ್ನೋ ಮನವಿಯೂ ಇದೆ. ಪೂರ್ತಿ ತಮಾಷೆಗೆ ಮಾಡಿದ್ದು! ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಲ್ಯೂ ತಂಡ ಇದನ್ನ ಏಳನೇ ಕ್ಲಾಸಿನ ಮಕ್ಕಳಿಗೆ ತೋರಿಸಿತು. ಹೆಚ್ಚುಕಡಿಮೆ ಎಲ್ಲರೂ ನಂಬಿದ್ರು. ಅವರೇನು ದಡ್ಡ ಮಕ್ಕಳಲ್ಲ, ಚೆನ್ನಾಗಿ ಓದೋರೇ.

ನಾವು ಏನು ಹೇಳಿಕೊಡ್ತೀವಿ? ಕಾಗುಣಿತ ತಪ್ಪಿದ್ಯಾ ನೋಡು, ಅಂದವಾಗಿದ್ಯಾ ನೋಡು, ಡಾಟ್ ಆರ್ಗ್ ಇದ್ರೆ ನಂಬು. ಡಾಟ್ ಆರ್ಗ್ ಯಾರು ಬೇಕಾದ್ರೂ ದುಡ್ಡು ಕೊಟ್ಟು ತಗೋಬಹುದು ಸ್ವಾಮಿ. ಡಾಟ್ ಗವ್ ಡಾಟ್ ಇನ್ ಹಾಗಲ್ಲ, ಅದು ನಮ್ಮ ಸರ್ಕಾರಗಳಿಗೆ ಮಾತ್ರ.

ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್, ಸಾರಾ ಮೆಕ್‌ಗ್ರೂ ಇನ್ನೊಂದು ಪರೀಕ್ಷೆ ಮಾಡಿದ್ರು. ಪಿಎಚ್‌ಡಿ ಮಾಡಿದ ಇತಿಹಾಸಕಾರರೂ ಪುಟದ ಅಂದಚಂದಕ್ಕೆ ಮರುಳಾದ್ರು. ಪತ್ರಿಕೆಗಳಿಗೆ ಸತ್ಯಶೋಧನೆ ಮಾಡುವವರು ಮಾತ್ರ ಪುಟ ಪೂರ್ತಿ ಓದೋದಕ್ಕೂ ಮೊದಲೇ ಹೊರಗೆ ಬಂದು, ಹೊಸ ಟ್ಯಾಬ್ ತೆರೆದು, 'ಇವರು ಯಾರು?' ಅಂತ ಹುಡುಕಿದ್ರು.

ಇದು ನಮಗೆ ಹೊಸದೇನಲ್ಲ. ಗಂಡು ನೋಡುವಾಗ 'ಹುಡುಗ ಹೇಗೆ' ಅಂತ ಗಂಡಿನ ಮನೆಯವರನ್ನೇ ಕೇಳ್ತೀವಾ? ಅಕ್ಕಪಕ್ಕದವರನ್ನ ವಿಚಾರಿಸ್ತೀವಿ. ಮಕ್ಕಳಿಗೂ ಹೀಗೇ ಹೇಳಿ.

ನಾಗರಪಂಚಮಿ ದಿನ ಕೇಳಿ ನೋಡಿ: 'ಹಾವು ಹಾಲು ಕುಡಿಯುತ್ತಾ?' ಕನ್ನಡದಲ್ಲಿ ಹುಡುಕಲಿ, ಮರಾಠಿಯಲ್ಲೋ ತಮಿಳಲ್ಲೋ ಹುಡುಕಲಿ, ಇಂಗ್ಲಿಷಲ್ಲೂ ಹುಡುಕಲಿ. ಹೊರನಾಡಲ್ಲಿ ಬೆಳೆಯೋ ನಮ್ಮ ಮಕ್ಕಳಿಗೆ ಇದೊಂದು ಲಾಭ. ಆದ್ರೆ ಒಂದೇ ಸಾಲನ್ನ ಹತ್ತು ಸೈಟು ಕಾಪಿ ಹೊಡೆದಿದ್ರೆ ಅದು ಒಂದೇ ಸಾಕ್ಷಿ, ಹತ್ತಲ್ಲ. ಇದನ್ನ ಹೇಳಿಕೊಡೋಕೆ ಸ್ವಲ್ಪ ತಾಳ್ಮೆ ಬೇಕು.

ಆಕ್ಟೋಪಸ್ ನಂಬಿದ್ರೆ ನಷ್ಟ ಏನಿಲ್ಲ ಬಿಡಿ. ಆದ್ರೆ ಎಷ್ಟೋ ಮನೆಗಳಲ್ಲಿ ಅಜ್ಜಿ ಕರೆಯೋದು ಮೊಮ್ಮಗುವನ್ನೇ: 'ಪುಟ್ಟಾ, ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಹುಡುಕಿಕೊಡೋ.' ಮಗು ಮೊದಲು ಕಂಡಿದ್ದನ್ನ ಓದಿ ಹೇಳುತ್ತೆ. ಮೋಸಗಾರರು ನಕಲಿ ನಂಬರ್ ಹಾಕಿಡೋದು ಅಲ್ಲೇ. ಆಮೇಲೆ ಓಟಿಪಿ ಕೇಳ್ತಾರೆ, ಅಜ್ಜಿ ಹೇಳಿಬಿಡ್ತಾರೆ.

ಅದಕ್ಕೆ ಮಗುವಿಗೆ ಇವತ್ತೇ ಒಂದು ತೋರಿಸಿ: ಅಜ್ಜಿಯ ಎಟಿಎಂ ಕಾರ್ಡಿನ ಹಿಂಭಾಗ. ಬ್ಯಾಂಕಿನ ನಂಬರ್ ಅಲ್ಲೇ ಅಚ್ಚಾಗಿರುತ್ತೆ.