ನೋಡಿ ಅರಿಯುವ ಯಾತ್ರೆ



ನಮ್ಮ ಪ್ರಸಾದ ನಿಲಯದ ಮಕ್ಕಳು ಶಿವನಸಮುದ್ರಕ್ಕೆ ಹೋಗಿಬಂದರು. "ಏನು ನೋಡಿದಿರಪ್ಪಾ?" ಎಂದು ಕೇಳಿದೆವು. "ನೀರು ಧುಮುಕುವುದನ್ನು ನೋಡಿದೆವು, ಬುದ್ಧೀ" ಎಂದರು ಹಲವರು. ಒಬ್ಬ ಹುಡುಗ ಮಾತ್ರ, "ಬೀಳುವ ನೀರು ಚಕ್ರ ತಿರುಗಿಸುತ್ತದೆ, ಚಕ್ರದಿಂದ ವಿದ್ಯುತ್ತು ಹುಟ್ಟುತ್ತದೆ, ನೀರು ಮತ್ತೆ ಕಾವೇರಿಗೇ ಸೇರುತ್ತದೆ" ಎಂದ. ಇದು ನೋಟ, ಉಳಿದದ್ದು ತಿರುಗಾಟ.

1902ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕಾಯಿತು. ಆ ಯಂತ್ರಗಳನ್ನು ಎಣ್ಣೆಗೈಯಿಂದ ಕಾಯುವವನದೂ ಕಾಯಕವೇ. ಅದನ್ನು ಕಣ್ಣಾರೆ ಕಂಡ ಮಗು ಯಾವ ದುಡಿಮೆಯನ್ನೂ ಕೀಳೆಂದು ಎಣಿಸದು.

ಆದರೆ ಇಬ್ಬರು ಹೋಗಲಿಲ್ಲ. ಒಬ್ಬನ ತಂದೆ, "ಜಾತ್ರೆಗಾದರೆ ಕೊಟ್ಟೇನು, ಇದಕ್ಕೇಕೆ ದುಡ್ಡು?" ಎಂದರಂತೆ. ಆ ತಂದೆಗೆ ನಾವು ಹೇಳುವುದಿಷ್ಟೆ: ಅರಿವು ಹುಟ್ಟಿಸುವ ಊರೂ ಕ್ಷೇತ್ರವೇ. ಇನ್ನೊಬ್ಬನ ಮನೆಯಲ್ಲಿ ದುಡ್ಡೇ ಇರಲಿಲ್ಲ. ಹೇಳಲು ನಾಚಿ, ಹೊಟ್ಟೆನೋವೆಂದು ಮಲಗಿಬಿಟ್ಟ. ನಮಗೆ ತಿಳಿದಾಗ ಬಸ್ಸು ಹೊರಟಾಗಿತ್ತು. ಆ ತಪ್ಪು ನಮ್ಮದು. ಅನ್ನವಿಕ್ಕಿದೆವೆಂದು ದಾಸೋಹ ಮುಗಿಯಲಿಲ್ಲ. ಅರಿವಿಗೂ ದಾಸೋಹ ಬೇಕು. ಮುಂದಿನ ಬಸ್ಸಿನಲ್ಲಿ ಮೊದಲ ಆಸನ ಆ ಮಗುವಿನದು.