ನಕ್ಷೆಯಲ್ಲಿ ಒಡೆದ ಒತ್ತಕ್ಷರ

ಮೊಬೈಲಿನ ನಕ್ಷೆಯಲ್ಲಿ ನಮ್ಮೂರ ಹೆಸರು ಕನ್ನಡದಲ್ಲಿ ಯಾಕಿಲ್ಲ ಎಂದು ಕೂಗುತ್ತೇವೆ. ಕೂಗೋಣ. ಅದಕ್ಕೂ ಮುಂಚೆ ಆ ನಕ್ಷೆ ಅಚ್ಚಾಗುವ ಬಗೆ ತಿಳಿಯಬೇಡವೇ?

ಒಂದು ಬಗೆ ನಮ್ಮ ಹಳೆಯ ಬ್ಲಾಕ್ ಇದ್ದಂತೆ. ರಸ್ತೆ, ಕೆರೆ, ಹೆಸರು ಎಲ್ಲವನ್ನೂ ಸರ್ವರ್ ಒಂದೇ ಚಿತ್ರವಾಗಿಸಿ ಚೌಕ ಚೌಕವಾಗಿ ಕಳಿಸುತ್ತದೆ. ಸಾಧಾರಣ ಫೋನಿಗೂ ಹಗುರ. ಆದರೆ ಬ್ಲಾಕಿನಲ್ಲಿ ಕೊರೆದ ಅಕ್ಷರ ಬದಲಾದೀತೇ? ಬೇರೆ ಭಾಷೆ ಬೇಕಾದರೆ ಬ್ಲಾಕನ್ನೇ ಬೇರೆ ಮಾಡಬೇಕು. 16ನೇ ಹಂತದಲ್ಲಿ ಇಡೀ ಭೂಮಿಗೆ 429 ಕೋಟಿ ಚೌಕ! ಕನ್ನಡಕ್ಕೆಂದು ಯಾರು ಮಾಡಿಯಾರು?

ಇನ್ನೊಂದು ವೆಕ್ಟರ್. ಬರುವುದು ಚಿತ್ರವಲ್ಲ, ರೇಖೆಗಳ ಲೆಕ್ಕ ಮತ್ತು ಹೆಸರುಗಳ ಪಟ್ಟಿ. ಮೊಳೆ ಜೋಡಿಸುವ ಕೆಲಸ ನಿಮ್ಮ ಫೋನಿನದು. ಫೋನಿಗೆ ಹೊರೆ, ನಿಜ. ಆದರೆ ಪಟ್ಟಿಯಲ್ಲಿ ಕನ್ನಡ ಹೆಸರಿದ್ದರೆ ಅದೇ ನಕ್ಷೆ ಕನ್ನಡವಾಗುತ್ತದೆ.

ತೊಡಕಿರುವುದು ಮೊಳೆಯಲ್ಲೇ. 2020ರಲ್ಲಿ ಹುಟ್ಟಿದ ಮ್ಯಾಪ್‌ಲಿಬ್ರೆ ಎಂಬ ಮುಕ್ತ ತಂತ್ರಾಂಶ ಬಹುಕಾಲ ಒಂದು ಅಕ್ಷರಕ್ಕೆ ಒಂದು ಮೊಳೆ ಎಂದೇ ನಂಬಿತ್ತು. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಚಿತ್ರದುರ್ಗ ‘ಚಿತ್‌ರದುರ್‌ಗ’ ಆಯಿತು! ಇಂಥ ಪ್ರೂಫನ್ನು ನನ್ನ ಪ್ರೆಸ್ಸಿನ ಹೊಸ ಹುಡುಗನೂ ಮುಂದಕ್ಕೆ ಬಿಡುವುದಿಲ್ಲ. ಚಿತ್ರದ ನಕ್ಷೆಗೆ ಈ ಗೋಳಿಲ್ಲ, ಒತ್ತು ಕೂಡಿಸುವ ತಂತ್ರಾಂಶ ಸರ್ವರಿನಲ್ಲೇ ಇರುತ್ತದೆ.

ಆದರೂ ನಾನು ವೆಕ್ಟರ್ ಕಡೆಯವನು. ಒತ್ತಕ್ಷರವನ್ನು ಒಮ್ಮೆ ಸರಿಪಡಿಸಿದರೆ ಆಯಿತು, ಬ್ಲಾಕನ್ನು ಪ್ರತಿ ಸಲ ಕೊರೆಯಬೇಕು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕನ್ನಡ ಹೆಸರಿಗೆಂದೇ ಜಾಗವಿದೆ, ಖಾತೆ ತೆರೆದ ಯಾರಾದರೂ ತುಂಬಬಹುದು. ಕಂಪ್ಯೂಟರ್ ಕಲಿತವರು ಒತ್ತಕ್ಷರದ ಬೆನ್ನುಹತ್ತಿ. ಉಳಿದವರು ಇವತ್ತೇ ನಿಮ್ಮ ಬೀದಿಯ ಹೆಸರು ಬರೆಯಿರಿ.